ಮಿಂಚುಳ್ಳಿ ಮಾನವನ ಮೇಲಂಗಿಯೂ ನನ್ನ ತಾಳ್ಮೆಯೂ

“ಮಿಂಚುಳ್ಳಿ ಮಾನವ ಮತ್ತೆ ಬಂದಿದ್ದಾನೆ. ಬಾ ಎಂದು ಕರೆದವರು ಯಾರೋ ತಿಳಿಯದು. ಇಪ್ಪತ್ತು ವರ್ಷಗಳ ಹಿಂದೆ ಮೂರು ಭಾಗಗಳಲ್ಲಿ ಹಾರಿ, ಹೊಡೆದಾಡಿ, ಮರ್ಯಾದೆಯಿಂದ ನಿವೃತ್ತನಾಗಿದ್ದ ಈ ಮಹಾವೀರನನ್ನು ಎಬ್ಬಿಸಿ ತಂದು, ಹೊಸ ಹುಡುಗನೊಬ್ಬನ ಮೈಗೆ ತುಂಬಿ, ಕಥೆಯನ್ನು ಮೊದಲಿನಿಂದ ಶುರು ಮಾಡಿದ್ದಾರೆ. ಅದೇ ನದಿ, ಅದೇ ಮಿಂಚು, ಅದೇ ಹಕ್ಕಿ ಬಂದು ಕುಕ್ಕುವುದು. ಒಗೆದು ಒಣಗಿಸಿದ ಬಟ್ಟೆಯನ್ನೇ ಮತ್ತೆ ನೆನೆಹಾಕಿದಂತಿದೆ. ಹುಡುಗನನ್ನು ನೋಡಿದರೆ, ಅವನು ಲೋಕವನ್ನು ಉಳಿಸುವ ಮೊದಲು ಯಾರಾದರೂ ಅವನಿಗೆ ಎರಡು ಹೊತ್ತು ಊಟ ಹಾಕಬೇಕು ಅನಿಸುತ್ತದೆ. ಖಳನಾಯಕನದು ಮೂರು ದಿನದಿಂದ ಹೊಟ್ಟೆ ಕಟ್ಟಿಕೊಂಡವನ ಮುಖ. ನಾಯಕಿ ಗಡಿಯಾರದ ಗೋಪುರದ ತುದಿಯಲ್ಲಿ, ಹಗ್ಗದ ಮೇಲೆ ಮರೆತುಬಿಟ್ಟ ಬಟ್ಟೆಯ ಹಾಗೆ ಚಿತ್ರ ಮುಗಿಯುವವರೆಗೂ ತೂಗಾಡುತ್ತಾಳೆ. ಇಳಿಸಿಕೊಳ್ಳುವ ಯೋಚನೆ ಯಾರಿಗೂ ಬರುವುದಿಲ್ಲ. ಯುದ್ಧದ ಸದ್ದೋ, ಅಟ್ಟದಿಂದ ಪಾತ್ರೆಗಳೆಲ್ಲ ಒಟ್ಟಿಗೆ ಉರುಳಿದಂತೆ. ಇನ್ನು ಆ ಮೇಲಂಗಿ! ಅವಸರದಲ್ಲಿ ಕಿಟಕಿಯಿಂದ ಕಿತ್ತುಕೊಂಡು ಬಂದ ಪರದೆ ಅದು. ನೆಲ ಗುಡಿಸಿಕೊಂಡು ಹಿಂದೆ ಹಿಂದೆ ಬರುತ್ತದೆ. ಖಳನಾಯಕ ಸುಮ್ಮನೆ ಮೈ ನೋಯಿಸಿಕೊಂಡ. ಸ್ವಲ್ಪ ಹೊತ್ತು ಕಾದಿದ್ದರೆ ಮಿಂಚುಳ್ಳಿ ಮಾನವ ತನ್ನ ಅಂಗಿಯನ್ನು ತಾನೇ ತುಳಿದು ಬೀಳುತ್ತಿದ್ದ. ಐದಕ್ಕೆ ಒಂದು ನಕ್ಷತ್ರ. ಅದೂ ಮಧ್ಯೆ ವಿರಾಮ ಕೊಟ್ಟಿದ್ದಕ್ಕೆ.”

ಹೇಗಿದೆ? ಇದನ್ನು ಬರೆದವರು ನಾವು ತರಿಸುವ ಪತ್ರಿಕೆಯ ಸಿನಿಮಾ ವಿಮರ್ಶಕರು. ಅವರ ಹೆಸರು ಯಾರಿಗೂ ಗೊತ್ತಿಲ್ಲ, ಕೊನೆಯಲ್ಲಿ ‘ಕತ್ತರಿ’ ಎಂದು ಸಹಿ ಇರುತ್ತದೆ. ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಆ ದಿನದ ಸುದ್ದಿ ಹಳೆಯದಾಗಿರುತ್ತದೆ. ಅಂಥವಳಿಗೆ ಇಷ್ಟುದ್ದದ ವಿಮರ್ಶೆ ಒಂದಕ್ಷರ ಬಿಡದೆ ಬಾಯಿಪಾಠ ಬಂದಿದೆ ಎಂದರೆ ಅದಕ್ಕೆ ನಮ್ಮ ಯಜಮಾನರು ಕಾರಣ. ಒಂದು ವಾರ, ದಿನಾ ಬೆಳಿಗ್ಗೆ, ನನ್ನೆದುರಿಗೇ ಕುರ್ಚಿ ಹಾಕಿಕೊಂಡು ಕೂತು ಗಟ್ಟಿಯಾಗಿ ಓದಿದರು. ‘ಪರದೆ’ ಬಂದ ಕೂಡಲೇ ನಿಲ್ಲಿಸಿ, ಕನ್ನಡಕದ ಮೇಲಿನಿಂದ ನನ್ನ ಮುಖ ನೋಡುವರು.

“ಇದು ಎಂಥವರ ಬಾಯಲ್ಲಿ ಬರೋ ಮಾತು ಹೇಳು?” ಎನ್ನುವರು.

“ಹಾಳು ಬಾಯಿ ಕಣ್ರೀ” ಎನ್ನುವೆ ನಾನು.

“ಹಾಳು ಬಾಯಿ” ಎಂದು ತಲೆದೂಗಿ ಮುಂದಕ್ಕೆ ಓದುವರು.

ಯಜಮಾನರು ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಒಂದು ಹೊಲಿಗೆ ಮಿಷನ್ನು, ಒಂದು ಇಸ್ತ್ರಿ ಮೇಜು, ಆಳೆತ್ತರದ ಕನ್ನಡಿ, ತಲೆಯೂ ಕೈಯೂ ಇಲ್ಲದ ಮರದ ಬೊಂಬೆ, ಮತ್ತೆ ನಾನು ಇದ್ದೇವೆ. (ಈ ಕ್ರಮ ನನ್ನದಲ್ಲ. ಹೊಸ ಗಿರಾಕಿಯೊಬ್ಬರಿಗೆ ಅಂಗಡಿ ತೋರಿಸುವಾಗ ಅವರೇ ಹೀಗೆ ಬೆರಳು ಮಾಡಿ ಹೇಳಿದ್ದು.) ಬೆಳಿಗ್ಗೆ ನನ್ನ ಮೊದಲ ಕೆಲಸ ಸೂಜಿಗೆ ದಾರ ಪೋಣಿಸುವುದು. ಅವರಿಗೆ ಹತ್ತಿರದ್ದು ಕಾಣುವುದಿಲ್ಲ, ನನಗೆ ಎಲ್ಲವೂ ಕಾಣುತ್ತದೆ. (ಸಂಸಾರದ ಅರ್ಧ ಜಗಳ ಇದರಿಂದಲೇ.) ಕೈಹೊಲಿಗೆಗೆ ಬೇಕಾಗುವ ಇಪ್ಪತ್ತು ಸೂಜಿಗಳನ್ನು ಡಬ್ಬಿಯಲ್ಲಿಟ್ಟು ಕೊಡುತ್ತಾರೆ. ದಾರದ ತುದಿಯನ್ನು ತುಟಿಯಲ್ಲಿ ಹಿಡಿದು, ಒದ್ದೆ ಮಾಡಿ, ಚೂಪು ಮಾಡಿ, ಒಂದೊಂದನ್ನೇ ಪೋಣಿಸಿ ದಿಂಬಿಗೆ ಚುಚ್ಚಬೇಕು. ಬಾಯಲ್ಲಿ ದಾರ ಇರುವುದರಿಂದ ಆಗ ಮಾತಾಡಲಾಗುವುದಿಲ್ಲ. “ಇಡೀ ದಿನದಲ್ಲಿ ನನ್ನ ಕಿವಿಗೆ ರಜ ಸಿಗೋದು ಈ ಹತ್ತು ನಿಮಿಷ” ಎಂದು ಗಿರಾಕಿಗಳ ಮುಂದೆ ಹೇಳುತ್ತಾರೆ.

ಸುಳ್ಳು. ನಾನು ಮಾತಿನವಳೇ ಅಲ್ಲ, ಕೇಳಿಸಿಕೊಳ್ಳುವವಳು. ಅಳತೆ ಕೊಡಲು ನಿಂತವರು ಟೇಪು ಎದೆಯಿಂದ ಸೊಂಟಕ್ಕೆ ಇಳಿಯುವಷ್ಟರಲ್ಲಿ ಅತ್ತೆಯ ವಿಷಯಕ್ಕೆ ಬಂದಿರುತ್ತಾರೆ, ತೋಳಿಗೆ ಬರುವಾಗ ಕಣ್ಣಲ್ಲಿ ನೀರು. ಮೂರು ಬೀದಿಗಳ ಸಂಸಾರ ನನ್ನ ಕಿವಿಯಲ್ಲಿ ಭದ್ರವಾಗಿದೆ. ಯಾರು ಯಾವತ್ತು ಏನೆಂದರು ಎಂದು ಕೇಳಿ, ಅವರ ಕೆಮ್ಮಿನ ಸಮೇತ ಒಪ್ಪಿಸುತ್ತೇನೆ. ಇಂಥ ಕಿವಿ ಇದ್ದೂ ನಾನು ಕೆಟ್ಟದ್ದು ಹೇಗೆ ಎಂಬುದೇ ಈ ಕಥೆ.

ಆರು ತಿಂಗಳ ಹಿಂದೆ ಸಿನಿಮಾ ಕಂಪನಿಯ ಕಾಸ್ಟ್ಯೂಮ್ ಮಾಸ್ಟರು ನಮ್ಮ ಅಂಗಡಿ ಹುಡುಕಿಕೊಂಡು ಬಂದರು. ಮಿಂಚುಳ್ಳಿ ಮಾನವನಿಗೆ ಹನ್ನೆರಡು ಮೇಲಂಗಿ ಬೇಕು. ಹೊರಗೆ ಮಿಂಚುಳ್ಳಿ ಹಕ್ಕಿಯ ನೀಲಿ, ಒಳಗೆ ಕಿತ್ತಳೆ ಬಣ್ಣದ ಅಸ್ತರು. ಒಬ್ಬನೇ ಮನುಷ್ಯನಿಗೆ ಹನ್ನೆರಡು ಯಾಕೆ ಎಂದರೆ, ನಿಲ್ಲುವಾಗ ಒಂದು, ಹಾರುವಾಗ ಒಂದು, ನದಿಗೆ ಬಿದ್ದಾಗ ಒಂದು, ಬೆಂಕಿ ಹತ್ತಿಸುವುದಕ್ಕೇ ಮೂರು, ಹೀಗೆ ಪಟ್ಟಿ ಬೆಳೆಯುತ್ತದೆ. ಯಜಮಾನರು ಹನ್ನೆರಡಕ್ಕೂ ಅಂಚನ್ನು ಕೈಯಲ್ಲೇ ಹೊಲಿದರು. ಹೊರಗಿನಿಂದ ನೋಡಿದರೆ ಒಂದು ಹೊಲಿಗೆಯೂ ಕಾಣಬಾರದು, ಅಂಥ ಹೊಲಿಗೆ.

“ಸುಡೋ ಬಟ್ಟೆಗೆ ಯಾಕ್ರೀ ಇಷ್ಟು ಚಂದದ ಕೆಲಸ?” ಎಂದೆ.

“ಸುಡುವಾಗ ಅಂಚು ಬಿಚ್ಕೊಂಡ್ರೆ ಮಾನ ಹೋಗೋದು ಅವನದ್ದಲ್ಲ, ನನ್ನದು” ಎಂದರು.

ನಮ್ಮ ಜೊತೆಗಿದ್ದು ಕಾಲೇಜಿಗೆ ಹೋಗುವ ಮೊಮ್ಮಗಳು ಇದ್ದಾಳೆ, ಮಗಳ ಮಗಳು. ಅವಳ ಕೋಣೆಯ ಗೋಡೆಯಲ್ಲಿ ಹಳೆಯ ಮಿಂಚುಳ್ಳಿ ಮಾನವನೇ ಇರುವುದು. ಈ ಹೊಸದಕ್ಕೆ ‘ರೀಬೂಟ್’ ಅನ್ನುತ್ತಾರೆ ಎಂದು ಹೇಳಿಕೊಟ್ಟವಳೂ ಅವಳೇ.

“ಅಂದ್ರೆ ಅಜ್ಜಿ, ಕಥೆ ಹಳೇದೇ. ಆದ್ರೆ ಎಲ್ಲಾ ಬಿಚ್ಚಿ ಮೊದಲಿಂದ ಮಾಡೋದು.”

“ಅಷ್ಟೇನಾ? ಅದನ್ನ ನಿಮ್ಮಜ್ಜ ಐವತ್ತು ವರ್ಷದಿಂದ ಮಾಡ್ತಿದಾರೆ” ಎಂದೆ. ಹೌದಲ್ಲವೇ? ಹೊರಮೈ ಸವೆದ ಕೋಟನ್ನು ಪೂರ್ತಿ ಬಿಚ್ಚಿ, ಒಳಮೈಯನ್ನು ಹೊರಗೆ ಮಾಡಿ ಮಗುಚಿ ಹೊಲಿಯುತ್ತಾರೆ. ಬಟ್ಟೆ ಅದೇ. ತೊಟ್ಟುಕೊಂಡು ಬೀದಿಗೆ ಇಳಿದವನ ನಡಿಗೆ ಮಾತ್ರ ಬೇರೆ.

ಬಿಡುಗಡೆಯ ಮಧ್ಯಾಹ್ನದ ಆಟಕ್ಕೇ ಮೂವರೂ ಹೋದೆವು. ಯಜಮಾನರು ಸಾಲಿನ ಕೊನೆಯ ಕುರ್ಚಿಯಲ್ಲಿ, ಮೊಮ್ಮಗಳು ಮಧ್ಯದಲ್ಲಿ, ಈಚೆಗೆ ನಾನು. ಯಜಮಾನರಿಗೆ ಪರದೆಯ ಮೇಲೆ ಮನುಷ್ಯರೇ ಕಾಣಲಿಲ್ಲ, ಯಾರ ಮಾತೂ ಕೇಳಿಸಲಿಲ್ಲ. ಇಡೀ ಪಟ್ಟಣ ಹೊತ್ತಿ ಉರಿಯುವಾಗ ಇವರು ಭುಜದ ಮೇಲಿನ ನೆರಿಗೆ ಎಣಿಸುತ್ತಿದ್ದರು. ವಿರಾಮದಲ್ಲಿ “ಕಥೆ ಹೇಗಿದೆ?” ಎಂದು ಕೇಳಿದರೆ “ಯಾವ ಕಥೆ?” ಎಂದರು. ನಾನು ಎಂದಿನ ಹಾಗೆ ನನ್ನ ಪಾಡಿಗೆ ಕೂತು ನೋಡಿದೆ. ಕೊನೆಯಲ್ಲಿ, ಸೋತ ಖಳನಾಯಕ ನದಿಯ ದಡದಲ್ಲಿ ಒದ್ದೆಯಾಗಿ ಗಡಗಡ ನಡುಗುತ್ತ ಬಿದ್ದಿರುತ್ತಾನೆ. ಆ ಹುಡುಗ ಏನೂ ಮಾತಾಡದೆ ತನ್ನ ಮೇಲಂಗಿ ಬಿಚ್ಚಿ ಅವನಿಗೆ ಹೊದಿಸಿ, ಬರಿಮೈಯಲ್ಲಿ ನಡೆದು ಹೋಗುತ್ತಾನೆ. ನನಗೆ ಕರವಸ್ತ್ರ ಸಾಲಲಿಲ್ಲ, ಮೊಮ್ಮಗಳದ್ದನ್ನೂ ಕಿತ್ತುಕೊಂಡೆ.

ಮರುದಿನವೇ ಪತ್ರಿಕೆಯಲ್ಲಿ ಆ ಒಂದು ನಕ್ಷತ್ರ.

ಯಜಮಾನರು ಓದಿದರು. ಎದ್ದು ಹೋಗಿ ಮಿಷನ್ನಿಗೆ ಗವಸು ಹಾಕಿದರು. ಪತ್ರಿಕೆಯಲ್ಲಿ ಆ ಚೌಕವನ್ನು ಮಾತ್ರ ನೇರವಾಗಿ ಕತ್ತರಿಸಿ, ಗಿರಾಕಿಗಳು ಮುಖ ನೋಡಿಕೊಳ್ಳುವ ಕನ್ನಡಿಯ ಪಕ್ಕ ಗುಂಡುಪಿನ್ನಿನಿಂದ ಚುಚ್ಚಿದರು. ಆ ಬೆಳಿಗ್ಗೆ ನನಗೆ ಸೂಜಿ ಡಬ್ಬಿ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ನಲವತ್ತಾರು ವರ್ಷದಲ್ಲಿ, ನಾನು ಹೆರಿಗೆಗೆ ಮಲಗಿದ್ದ ದಿನಗಳನ್ನು ಬಿಟ್ಟರೆ, ಅದು ತಪ್ಪಿದ್ದು ಅದೇ ಮೊದಲು.

ಇಷ್ಟೇ ಆಗಿದ್ದರೆ ತಾಳಿಕೊಳ್ಳುತ್ತಿದ್ದೆ. (ತಾಳ್ಮೆ ನನ್ನ ಹುಟ್ಟುಗುಣ.) ಆದರೆ ಕಾಸ್ಟ್ಯೂಮ್ ಮಾಸ್ಟರು ಫೋನು ಮಾಡಿದರು. ಪತ್ರಿಕೆಯವರು ಏನಾದರೂ ಬರೆದುಕೊಳ್ಳಲಿ, ಎರಡನೇ ಭಾಗ ತೆಗೆಯುತ್ತಿದ್ದೇವೆ, ಹದಿನಾರು ಮೇಲಂಗಿ ಬೇಕು, ಒಪ್ಪಿಗೆಯನ್ನು ಮುಂದಿನ ಸೋಮವಾರದೊಳಗೆ ಹೇಳಿ, ಇಲ್ಲವಾದರೆ ದೊಡ್ಡ ರಸ್ತೆಯ ಸಿದ್ಧ ಉಡುಪಿನ ಅಂಗಡಿಗೆ ಕೊಡುತ್ತೇವೆ ಎಂದರು. ಯಜಮಾನರು, “ಪರದೆ ಹೊಲಿಯೋನು ನಾನು. ಅವರಿಗೇ ಕೊಡಿ” ಎಂದು ಫೋನು ಇಟ್ಟುಬಿಟ್ಟರು.

ದೊಡ್ಡ ರಸ್ತೆಯವರು! ಅಂಚನ್ನು ಅಂಟು ಹಾಕಿ ಕೂರಿಸುವವರು! ಈ ಮನುಷ್ಯ ಮಿಷನ್ನಿನ ಮುಂದೆ ಕೂರದಿದ್ದರೆ ನನ್ನ ಮುಂದೆ ಕೂರುತ್ತಾರೆ, ಕೂತು ಅದನ್ನೇ ಓದುತ್ತಾರೆ. ಮಿಷನ್ನಿಗೆ ಹಾಕಿದ ಗವಸು ಅವರ ಮುಖಕ್ಕೂ ಇಳಿದಿತ್ತು. ಅದನ್ನು ತೆಗೆಯಬೇಕಾದರೆ ಆ ಕತ್ತರಿಯ ಬಾಯಿ ಮುಚ್ಚಿಸಬೇಕು. ಉತ್ತರ ಬರೆಯಿಸಿಯೇ ಬಿಡುವುದು ಎಂದು ತೀರ್ಮಾನಿಸಿದೆ.

ಮಂಗಳವಾರ ಮೊಮ್ಮಗಳನ್ನು ಕೂರಿಸಿಕೊಂಡು ಹೇಳತೊಡಗಿದೆ; ಅವಳು ಮೊಬೈಲಿನಲ್ಲಿ ಬರೆದುಕೊಂಡಳು.

“ಇಂಥ ಮಾತು ಆಡಿದವರಿಗೆ ಕಣ್ಣಿಲ್ಲ. ಇದ್ದರೂ ಹೊಟ್ಟೆಕಿಚ್ಚಿನ ಹೊಗೆಯಲ್ಲಿ ಮಂಜಾಗಿದೆ. ಬರ್ಕೊಂಡ್ಯಾ?”

“ಹ್ಞೂಂ.” ಹುಡುಗಿ ತುಟಿ ಕಚ್ಚಿಕೊಂಡಿದ್ದಳು. ಅಜ್ಜನ ಮೇಲಿನ ಅಭಿಮಾನದಿಂದ ಅಳು ತಡೆಯುತ್ತಿದ್ದಾಳೆ ಎಂದುಕೊಂಡೆ.

“ಅವರ ಬಾಯಿಗೆ ಒಂದು ಕಾಜಾ ಹೊಲಿದು ಗುಂಡಿ ಹಾಕಬೇಕು.”

“ಅಜ್ಜೀ, ಇದು ಜಾಸ್ತಿ ಆಯ್ತು.”

“ಹಾಗಾದ್ರೆ ಗುಂಡಿ ಬಿಟ್ಬಿಡು. ಕಾಜಾ ಇರ್ಲಿ.”

ಆಗ ಮುಂದಿನ ಕೋಣೆಯಿಂದ ಯಜಮಾನರ ದನಿ ಬಂತು. ನಾಲ್ಕು ದಿನದಲ್ಲಿ ಮೊದಲ ಸಲ ಅದರಲ್ಲಿ ಸ್ವಲ್ಪ ಜೀವ ಇತ್ತು. “ಅಂಥವರ ಜೊತೆ ಸಂಸಾರ ಮಾಡೋರ ಬಗ್ಗೇನೂ ಎರಡು ಮಾತು ಸೇರ್ಸು.”

ಕೇಳಿ ಹಿಗ್ಗಿಹೋದೆ. ಗಂಡನಿಗೆ ಹುರುಪು ಬಂತಲ್ಲ! ಕೂಡಲೇ ಹೇಳಿದೆ: “ಇಂಥವರ ಜೊತೆ ದಿನ ಬೆಳಗಾದರೆ ಏಗುವ ಮನೆಯವರ ತಾಳ್ಮೆಗೆ ನನ್ನ ದೊಡ್ಡ ನಮಸ್ಕಾರ. ಅವರನ್ನು ಕರೆದು ಸನ್ಮಾನ ಮಾಡಬೇಕು.”

“ಸನ್ಮಾನ ಚೆನ್ನಾಗಿದೆ” ಎಂದರು ಯಜಮಾನರು.

“ಅಜ್ಜಿ, ನಿಜವಾಗ್ಲೂ ಕಳಿಸ್ಬಿಡ್ಲಾ?” ಎಂದಳು ಮೊಮ್ಮಗಳು. “ಆಮೇಲೆ ನನ್ನನ್ನ ಅನ್ಬಾರ್ದು.”

“ಕಳಿಸೇ. ಕೆಳಗೆ ‘ದರ್ಜಿಯ ಹೆಂಡತಿ’ ಅಂತ ಹಾಕು. ಹೆದರಿಕೆ ಏನು?”

ಕಳಿಸಿದಳು. ಬುಧವಾರ ಪತ್ರಿಕೆಯಲ್ಲಿ ಇಲ್ಲ. ಗುರುವಾರ ಇಲ್ಲ. ಶುಕ್ರವಾರ ರಸ್ತೆಗಳ ಗುಂಡಿಯ ಬಗ್ಗೆ ಮೂರು ಪತ್ರ ಹಾಕಿದ್ದರು, ನನ್ನದಿಲ್ಲ. ಶನಿವಾರ ಬೆಳಿಗ್ಗೆ ಯಜಮಾನರು ಎಂದಿನಂತೆ ಓದಿ, ‘ಪರದೆ’ಯ ಹತ್ತಿರ ನಿಲ್ಲಿಸಿ, ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟರು. ಕಾಸ್ಟ್ಯೂಮ್ ಮಾಸ್ಟರು ಹೇಳಿದ್ದ ಸೋಮವಾರಕ್ಕೆ ಇನ್ನು ಎರಡೇ ದಿನ ಉಳಿದಿತ್ತು. ಮಾದರಿಗೆಂದು ಹೊಲಿದಿದ್ದ ಹದಿಮೂರನೇ ಮೇಲಂಗಿಯನ್ನು ಬೊಂಬೆಯ ಮೈಯಿಂದ ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಔಷಧಿ ತರುತ್ತೇನೆಂದು ಹೇಳಿ ಬಸ್ಸು ಹತ್ತಿದೆ.

ಪತ್ರಿಕೆಯ ಕಚೇರಿ ಮೊದಲನೇ ಮಹಡಿಯಲ್ಲಿತ್ತು. ಮೆಟ್ಟಿಲಿನ ಎರಡೂ ಬದಿ ಹಳೆಯ ಪತ್ರಿಕೆಯ ಕಟ್ಟುಗಳು. ‘ಕತ್ತರಿ ಯಾರು’ ಎಂದರೆ ಮೂಲೆಯ ಮೇಜು ತೋರಿಸಿದರು. ಒಂದು ಹುಲಿಯನ್ನು ನೋಡಲು ಸಿದ್ಧಳಾಗಿ ಹೋಗಿದ್ದೆ. ಅಲ್ಲಿ ಇದ್ದದ್ದು, ಹಳೆಯ ಕೋಟು ತೊಟ್ಟು, ಮೂಗು ಒರೆಸಿಕೊಳ್ಳುತ್ತ ಬಿಸಿನೀರು ಕುಡಿಯುತ್ತಿದ್ದ ಒಬ್ಬ ಸಣಕಲು ಮನುಷ್ಯ.

“ಏನಮ್ಮಾ, ಯಾರು ಬೇಕಿತ್ತು?” ಎಂದರು ಮೆತ್ತಗೆ.

ಮೇಲಂಗಿಯನ್ನು ಕೊಡವಿ ಅವರ ಮೇಜಿನ ತುಂಬ ಹರಡಿದೆ. ಲೋಟ, ಪೆನ್ನು, ಕಾಗದ ಎಲ್ಲ ಅದರ ಅಡಿಗೆ ಹೋದವು.

“ಇದರಲ್ಲಿ ಒಂದು ಹೊಲಿಗೆ ತೋರಿಸಿ ನೋಡೋಣ.”

ಅವರು ಹುಡುಕಿದರು. ಕನ್ನಡಕ ತೆಗೆದು ಹುಡುಕಿದರು. ಅಂಚನ್ನು ಬೆಳಕಿಗೆ ಹಿಡಿದು ಹುಡುಕಿದರು. “ಕಾಣಿಸ್ತಿಲ್ಲಮ್ಮ” ಎಂದರು.

“ಇದನ್ನೇ ನೀವು ಪರದೆ ಅಂದಿದ್ದು. ಹೊಲಿದೋರು ಒಂದು ವಾರದಿಂದ ಮಿಷನ್ ಮುಟ್ಟಿಲ್ಲ. ಬಂದ ಕೆಲಸಾನೂ ಬೇಡ ಅಂತಿದಾರೆ. ಅಂಗಿ ಉದ್ದ ಅಂದ್ರಲ್ಲ, ಕೊನೇಲಿ ಅದನ್ನ ಆ ಕೆಟ್ಟವನಿಗೆ ಹೊದಿಸ್ತಾನೆ ಹುಡುಗ. ಗೇಣುದ್ದ ಇದ್ರೆ ಹೊದಿಸೋಕಾಗತ್ತಾ?”

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಬಿಡಲಿಲ್ಲ.

“ಮತ್ತೆ, ಹಳೇ ಕಥೆ ಅಂತ ಬೇರೆ ಕುಟುಕಿದೀರಿ. ನಿಮ್ಮ ಕೋಟಿನ ಎದೆಜೇಬು ಬಲಗಡೆ ಯಾಕಿದೆ?”

ಅವರು ಬಗ್ಗಿ ನೋಡಿಕೊಂಡರು. ಎದೆಜೇಬು ಎಲ್ಲರಿಗೂ ಎಡಗಡೆ ಇರುತ್ತದೆ. ಬಲಕ್ಕೆ ಬಂತು ಎಂದರೆ ಕೋಟನ್ನು ಮಗುಚಿ ಹೊಲಿಸಿದ್ದಾರೆ ಎಂದೇ ಅರ್ಥ. ದರ್ಜಿಯ ಹೆಂಡತಿಗೆ ಅದನ್ನು ಬಾಗಿಲಿನಿಂದಲೇ ಓದಲು ಬರುತ್ತದೆ, ನಾಲ್ಕನೇ ತರಗತಿಯೂ ಬೇಕಾಗಿಲ್ಲ.

“ನಮ್ಮ ತಂದೆಯವರದು” ಎಂದರು ಸಣ್ಣ ದನಿಯಲ್ಲಿ. “ಬಟ್ಟೆ ಗಟ್ಟಿಯಾಗಿತ್ತು, ಎಸೆಯೋಕೆ ಮನಸ್ಸು ಬರ್ಲಿಲ್ಲ. ಬಿಚ್ಚಿಸಿ ನನ್ನ ಅಳತೆಗೆ ಹೊಲಿಸ್ದೆ.”

“ಅದೇ ಬಟ್ಟೆ, ಹೊಸ ಮೈ, ಮೊದಲಿಂದ ಹೊಲಿಗೆ. ಇದಕ್ಕೆ ಎಷ್ಟು ನಕ್ಷತ್ರ ಕೊಡ್ತೀರಿ?”

ಕಚೇರಿಯಲ್ಲಿ ನಾಲ್ಕು ಜನ ತಲೆ ಎತ್ತಿ ನೋಡಿದರು. ಕತ್ತರಿಯವರು ಎದೆಜೇಬನ್ನು ಅಂಗೈಯಿಂದ ಮುಚ್ಚಿಕೊಂಡರು. ಆ ಕ್ಷಣದಲ್ಲಿ ನಾನು ಗೋಪುರದ ತುದಿಯಲ್ಲಿ ನಿಂತ ಮಿಂಚುಳ್ಳಿ ಮಾನವಳಾಗಿದ್ದೆ. ಅಲ್ಲಿಗೇ ಮೇಲಂಗಿ ಮಡಿಚಿಕೊಂಡು ಮೆಟ್ಟಿಲು ಇಳಿದಿದ್ದರೆ ಎಷ್ಟು ಚೆನ್ನಾಗಿತ್ತು!

“ಅಮ್ಮಾ,” ಎಂದರು ಅವರು, ನನ್ನ ಮುಖವನ್ನೇ ನೋಡುತ್ತ, “ನಿಮ್ಮ ದನಿ ಎಲ್ಲೋ ಕೇಳಿದೀನಲ್ಲ. ಮೊದಲ ದಿನ, ಮಧ್ಯಾಹ್ನದ ಆಟ, ಏಳನೇ ಸಾಲು?”

“ಇರಬಹುದು. ಅದಕ್ಕೇನೀಗ?”

“ನಾನು ಆರನೇ ಸಾಲು. ನಿಮ್ಮ ಮುಂದಿನ ಕುರ್ಚಿ.” ಮೇಲಂಗಿಯ ಅಡಿಗೆ ಕೈಹಾಕಿ ಒಂದು ಚಿಕ್ಕ ನೋಟುಪುಸ್ತಕ ಎಳೆದರು. “ಮೂವತ್ತು ವರ್ಷ ಆಯ್ತಮ್ಮ ಈ ಕೆಲಸಕ್ಕೆ ಸೇರಿ. ಈಗ ಎಲ್ಲಾ ಸಿನಿಮಾನೂ ಒಂದೇ ಥರ ಕಾಣ್ಸತ್ತೆ. ಅದಕ್ಕೇ ಪರದೆ ನೋಡೋದು ಬಿಟ್ಟು, ಚೆನ್ನಾಗಿ ಮಾತಾಡೋರ ಮುಂದೆ ಕೂತು ಕೇಳಿಸ್ಕೊಂಡು ಬರ್ಕೊಳ್ತೀನಿ. ಜನರ ಮಾತಿಗಿರೋ ರುಚಿ ನನ್ನ ಬರಹಕ್ಕೆ ಬರಲ್ಲ. ಅವತ್ತು ನೀವು ಸಿಕ್ಕಿದ್ದು ನನ್ನ ಅದೃಷ್ಟ. ಪೆನ್ನು ನಿಲ್ಲಿಸೋಕೇ ಬಿಡ್ಲಿಲ್ಲ.”

ಓದಿದರು. ಕತ್ತಲಲ್ಲಿ ಗೀಚಿದ ಅಕ್ಷರಗಳು, ಸಾಲಿನ ಮೇಲೆ ಸಾಲು ಬಿದ್ದಿದ್ದವು.

“‘ಅಯ್ಯೋ ಪಾಪ, ಈ ಕಂದನಿಗೆ ಯಾರಾದ್ರೂ ಎರಡು ಹೊತ್ತು ಊಟ ಹಾಕ್ರೋ, ಲೋಕ ಆಮೇಲೆ ಉಳಿಸ್ಲಿ.’ ಇದು ನಿಮ್ಮದೇ ಅಲ್ವಾ? ‘ಪಾಪ, ಆ ಕೆಟ್ಟವನಿಗೆ ಮೂರು ದಿನದಿಂದ ಹೊಟ್ಟೆ ಕಟ್ಟಿದೆ ಕಣೇ, ಮುಖ ನೋಡು.’ ‘ಆ ಹುಡುಗೀನ ಹಗ್ಗದ ಮೇಲೆ ಮರೆತ ಬಟ್ಟೆ ಥರ ಬಿಟ್ಬಿಟ್ರಲ್ಲೇ, ಥಂಡಿ ಆಗಲ್ವಾ ಅದಕ್ಕೆ?’ ಮತ್ತೆ ಇದು, ‘ಅಯ್ಯೋ, ನಮ್ಮನೆಯವರು ಕಷ್ಟಪಟ್ಟು ಹೊಲಿದಿದ್ದು ಪಾಪ, ಕಿಟಕಿ ಪರದೆ ಆಗೋಯ್ತಲ್ಲೇ! ಕಾಲಿಗೆ ಸಿಕ್ಕಿ ಬೀಳ್ತಾನೆ ಮಗು, ಯಾರಾದ್ರೂ ಎತ್ತಿ ಹಿಡ್ಕೊಳ್ರೋ!’”

ನನಗೆ ಕುರ್ಚಿ ಬೇಕಾಯಿತು. ಪಕ್ಕದ ಮೇಜಿನವರು ಕೊಟ್ಟರು.

ಬೀದಿಯವರ ಕೆಮ್ಮನ್ನೂ ನೆನಪಿಟ್ಟುಕೊಳ್ಳುವ ಕಿವಿ ನನ್ನದು. ನನ್ನ ಮಾತನ್ನು ಏಳು ದಿನ, ದಿನಾ ಬೆಳಿಗ್ಗೆ, ಗಂಡನ ಬಾಯಲ್ಲಿ ಕೇಳಿದರೂ ಗುರುತು ಹತ್ತಲಿಲ್ಲ.

“ನಾನು ‘ಪಾಪ’ ಅಂದಿದ್ದೆ” ಎಂದೆ. “‘ಕಂದ’ ಅಂದಿದ್ದೆ. ಅದೆಲ್ಲಾ ಎಲ್ಲಿ ಹೋಯ್ತು?”

“ಜಾಗ ಸಾಲಲ್ಲಮ್ಮ. ಅದನ್ನ ತೆಗೀಲೇಬೇಕು.”

“ಕೊನೇಲಿ ಎರಡು ಕರವಸ್ತ್ರ ಒದ್ದೆ ಆಗೋ ಹಾಗೆ ಅತ್ತೆನಲ್ಲ, ಅದನ್ನ ಯಾಕೆ ಬರೀಲಿಲ್ಲ?”

ಅವರು ನೋಟುಪುಸ್ತಕ ಮುಚ್ಚಿ ಹೇಳಿದರು: “ಅತ್ತಿದ್ದು ಕೇಳಿಸ್ಲಿಲ್ಲಮ್ಮ.”

ಆಗ ನೆನಪಾಯಿತು, ನನ್ನ ಪತ್ರ! “ಒಂದು ಪತ್ರ ಕಳಿಸಿದ್ದೆ, ದರ್ಜಿಯ ಹೆಂಡತಿ ಅಂತ. ಅದನ್ನ ಹಾಕ್ಬೇಡಿ.”

“ಓ, ಅದು ನಿಮ್ಮದೇನಾ!” ಅವರ ಮುಖ ಅರಳಿತು. “ಎಂಥಾ ಭಾಷೆ ಅಮ್ಮ! ನನಗೆ ಬೈದಿದ್ರೂ ನಾನೇ ಹಾಕಿ ಅಂತ ಹೇಳ್ದೆ. ನಾಳೆ ಭಾನುವಾರದ ಪುರವಣಿ, ಮೇಲ್ಗಡೆ ಚೌಕಟ್ಟಿನಲ್ಲಿ. ನಿನ್ನೇನೇ ಅಚ್ಚಾಯ್ತು.”

ಮೇಲಂಗಿ ಮಡಿಚಿಕೊಂಡು ಮನೆಗೆ ಬಂದೆ. “ಔಷಧಿ ಸಿಕ್ತಾ?” ಎಂದು ಯಜಮಾನರು ಕೇಳಿದರು. “ಸಿಕ್ತು, ಕಹಿ ಇದೆ” ಎಂದೆ.

ಭಾನುವಾರ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದು ಪತ್ರಿಕೆಯನ್ನು ಬಚ್ಚಿಡಬೇಕೆಂದಿದ್ದೆ. ಬಾಗಿಲು ತೆರೆದರೆ ಯಜಮಾನರು ಹೊಸ್ತಿಲಲ್ಲೇ ಕೂತು ಪುರವಣಿ ಬಿಡಿಸುತ್ತಿದ್ದಾರೆ. ಪಕ್ಕದಲ್ಲಿ ಮೊಮ್ಮಗಳು. ರಜಾದಿನ ಹತ್ತು ಗಂಟೆಗೆ ಏಳುವ ಹುಡುಗಿ!

ಅವರು ಗಂಟಲು ಸರಿಮಾಡಿಕೊಂಡು ನನ್ನ ಪತ್ರವನ್ನು ಓದಿದರು. ಕಣ್ಣಿಲ್ಲ ಎಂದದ್ದು, ಹೊಗೆ, ಕಾಜಾ, ಒಂದೂ ಬಿಡಲಿಲ್ಲ. ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ ನಮಸ್ಕಾರದ ಸಾಲಿಗೆ ಅಡಿಗೆರೆ ಎಳೆದು, ಅದನ್ನು ಎರಡು ಸಲ ಓದಿದರು: “‘ಇಂಥವರ ಜೊತೆ ದಿನ ಬೆಳಗಾದರೆ ಏಗುವ ಮನೆಯವರ ತಾಳ್ಮೆಗೆ ನನ್ನ ದೊಡ್ಡ ನಮಸ್ಕಾರ.’ ನಮಸ್ಕಾರ ತಲುಪ್ತು. ಸನ್ಮಾನ ಯಾವಾಗ?”

“ರೀ,” ಎಂದೆ. “ನಿಮಗೆ ಗೊತ್ತಿತ್ತಾ?”

“ವಿಮರ್ಶೆಯ ಮೂರನೇ ಸಾಲಿಗೇ ಗೊತ್ತಾಯ್ತು. ಮದುವೆ ಆದ ವರ್ಷ ನಾನು ಹೊಲಿದ ಮೊದಲನೇ ಕೋಟು ನೋಡಿ ಏನಂದೆ ನೆನಪಿದ್ಯಾ? ‘ಪಾಪ, ಮೂಟೆಗೆ ತೋಳು ಬಂದಿದೆ’ ಅಂದೆ. ನಲವತ್ತಾರು ವರ್ಷದಿಂದ ಆ ಬಾಯಿ ಕೇಳ್ತಿದೀನಿ, ಅಚ್ಚಾದ್ರೆ ಗುರುತು ಸಿಗಲ್ವಾ?”

“ಥಿಯೇಟರಲ್ಲಿ ಐದು ಸಾಲಿಗೆ ಕೇಳಿಸ್ತಿತ್ತು ಅಜ್ಜಿ” ಎಂದಳು ಮೊಮ್ಮಗಳು. “ನಾನು ಎರಡು ಸಲ ಚಿವುಟಿದೆ. ನೀನು ‘ಸೊಳ್ಳೆ ಕಣೇ’ ಅಂದೆ.”

“ಹಾಗಾದ್ರೆ ನನ್ನ ಕೈಲಿ ಆ ಪತ್ರ ಯಾಕ್ರೀ ಬರೆಸಿದ್ರಿ?”

“ನಾನೆಲ್ಲಿ ಬರೆಸ್ದೆ? ನೀನಾಗಿ ಒಪ್ಕೊಳ್ತೀಯೇನೋ ಅಂತ ದಿನಾ ಓದಿ ಓದಿ ಕಾದೆ” ಎಂದರು ಯಜಮಾನರು. “ನೀನು ನೋಡಿದ್ರೆ ನಿನಗೇ ಬೈಯೋಕೆ ಶುರು ಮಾಡ್ದೆ. ಅಷ್ಟು ಚೆನ್ನಾಗಿ ನನಗೆ ಬೈಯೋಕೆ ಬರ್ತಿತ್ತಾ? ಸುಮ್ಮನೆ ಯಾಕೆ ತಡೀಲಿ?”

ನಗುತ್ತಿದ್ದರು. ಆದರೆ ಮಿಷನ್ನಿನ ಗವಸು ಹಾಗೇ ಇತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ನಗು ನಿಲ್ಲಿಸಿದರು.

“ಪೇಪರಿನವನು ತಾನಾಗೇ ಹಾಗಂದಿದ್ರೆ ಅವತ್ತೇ ನಾಲ್ಕು ಬೈದು ಮರೀತಿದ್ದೆ ಕಣೇ. ಅವನಿಗೇನು ಗೊತ್ತು ಹೊಲಿಗೆ? ನಿನಗೆ ಕಣ್ಣು ಚೆನ್ನಾಗಿ ಕಾಣತ್ತೆ. ನೀನು ಪರದೆ ಅಂದ್ರೆ ಅದು ಪರದೇನೇ ಇರತ್ತೆ ಅಂತ ಗವಸು ಹಾಕ್ದೆ.”

ಚೀಲದಿಂದ ಹದಿಮೂರನೆಯ ಮೇಲಂಗಿಯನ್ನು ತೆಗೆದು ಬೊಂಬೆಗೆ ತೊಡಿಸಿದೆ. ಕತ್ತರಿಯವರು ಬೆಳಕಿಗೆ ಹಿಡಿದು ಹುಡುಕಿದರೂ ಹೊಲಿಗೆ ಸಿಗಲಿಲ್ಲ ಎಂದು ಹೇಳಿದೆ. ಕೊನೆಯ ದೃಶ್ಯ ಹೇಳಿದೆ. ಇವರು ಆ ಹೊತ್ತಿನಲ್ಲಿ ಕಾಲರು ನೋಡುತ್ತಿದ್ದರಂತೆ, ಅಂಗಿ ಬಿಚ್ಚಿದ ಕೂಡಲೇ ಸಿನಿಮಾ ಮುಗಿಯಿತೆಂದು ಎದ್ದುಬಿಟ್ಟಿದ್ದರಂತೆ. ನಡುಗುತ್ತಿದ್ದವನಿಗೆ ಹೊದಿಸಿದ್ದು ಅವರಿಗೆ ಗೊತ್ತೇ ಇರಲಿಲ್ಲ.

“ಹೊದಿಸಿದ್ನಾ? ಪೂರ್ತಿ ಮುಚ್ತಾ? ಪಾದ?”

“ಪಾದಾನೂ ಮುಚ್ತು.”

ಅವರು ಎದ್ದು ಬೊಂಬೆಯ ಸುತ್ತ ಒಂದು ಸುತ್ತು ಬಂದರು. ಬಗ್ಗಿ ಅಂಚು ಹಿಡಿದರು. “ನಿಜ ಹೇಳು. ಎಷ್ಟು ಉದ್ದ ಆಗಿತ್ತು?”

ನಾನು ಮೊಮ್ಮಗಳ ಮುಖ ನೋಡಿದೆ. ಅವಳು ಮೇಲೆ ಫ್ಯಾನು ನೋಡಿದಳು. “ನಾಲ್ಕು ಬೆರಳು” ಎಂದೆ.

ನೀಲಿ ಸೀಮೆಸುಣ್ಣದಿಂದ ನಾಲ್ಕು ಬೆರಳಿಗೆ ಗೆರೆ ಎಳೆದರು. “ಇಷ್ಟು ತೆಗೆದ್ರೆ ಹೊದಿಸೋಕೂ ಸಾಕು, ಕಾಲಿಗೂ ಸಿಗಲ್ಲ” ಎಂದು ತಮಗೇ ಹೇಳಿಕೊಂಡು, ಕಾಸ್ಟ್ಯೂಮ್ ಮಾಸ್ಟರಿಗೆ ಫೋನು ಹಚ್ಚಿದರು. ಹದಿನಾರೂ ನಾನೇ ಹೊಲೀತೀನಿ, ದೊಡ್ಡ ರಸ್ತೆಗೆ ಹೋಗ್ಬೇಡಿ ಎಂದರು. ಗವಸು ತೆಗೆದು ಕೊಡವಿ ಮಡಿಚಿಟ್ಟರು. ಕನ್ನಡಿಯ ಪಕ್ಕದ ವಿಮರ್ಶೆಯನ್ನೂ ಕಿತ್ತರು ಎಂದು ನಾನು ಸಮಾಧಾನ ಪಡುವಷ್ಟರಲ್ಲಿ, ಅದೇ ಜಾಗದಲ್ಲಿ, ಅದೇ ಗುಂಡುಪಿನ್ನಿನಿಂದ, ನನ್ನ ಪತ್ರವನ್ನು ಚುಚ್ಚಿದರು. ಈಗ ಬಂದ ಗಿರಾಕಿಗಳೆಲ್ಲ ಅಳತೆ ಕೊಡುತ್ತ ಅದನ್ನು ಓದಿ, “ಯಾರಿಗಮ್ಮಾ ಹೀಗೆ ಬೈದಿದೀರಿ?” ಎಂದು ನನ್ನನ್ನೇ ಕೇಳುತ್ತಾರೆ.

ಸೋಮವಾರ ಬೆಳಿಗ್ಗೆ ಸೂಜಿ ಡಬ್ಬಿ ಬಂತು. ಒಂಬತ್ತು ದಿನದ ಮೇಲೆ! ಕಿಟಕಿಯ ಪಕ್ಕ ಕೂತು, ದಾರದ ತುದಿಯನ್ನು ತುಟಿಯಲ್ಲಿ ಹಿಡಿದು, ಮುಚ್ಚಳ ತೆರೆದೆ. ಇಪ್ಪತ್ತರ ಜಾಗದಲ್ಲಿ ನಲವತ್ತು ಸೂಜಿ ಇದ್ದವು, ಅವರ ಕಿವಿಗೆ ಇಪ್ಪತ್ತು ನಿಮಿಷದ ರಜ. ತಲೆ ಎತ್ತಿದೆ. ಯಜಮಾನರು ಕತ್ತರಿ ಹಿಡಿದು ನೀಲಿ ಬಟ್ಟೆಯ ಮೇಲೆ ಬಗ್ಗಿದ್ದರು, ಭುಜ ಮಾತ್ರ ಸಣ್ಣಗೆ ಕುಲುಕುತ್ತಿತ್ತು. ಕೇಳಬೇಕೆಂದರೆ ಬಾಯಲ್ಲಿ ದಾರ. ಮೊದಲನೆಯ ಸೂಜಿಯನ್ನು ಬೆಳಕಿಗೆ ಹಿಡಿದೆ.